ಹಳೇ ಕಂಪ್ಯೂಟರ್‌ಗೆ ತೆಳು ವಿಂಡೋಸ್: ಹಾಕುವುದಾದರೆ ಹೀಗೆ

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಎಂದು ಷರತ್ತುಗಳ ಸಾಲು. ಅದರಲ್ಲಿ ಪಾಸಾಗದ ಯಂತ್ರಗಳಿಗೆಂದೇ ಟೈನಿ11, ಘೋಸ್ಟ್ ಸ್ಪೆಕ್ಟರ್‌ನಂಥ ಅನಧಿಕೃತ ಆವೃತ್ತಿಗಳು ಹುಟ್ಟಿಕೊಂಡಿವೆ. ಬೇಡದ ಆ್ಯಪ್‌ಗಳನ್ನೂ ಹಿನ್ನೆಲೆಯಲ್ಲಿ ಓಡುವ ಸೇವೆಗಳನ್ನೂ ಕತ್ತರಿಸಿ ಹಗುರ ಮಾಡಿದ ವಿಂಡೋಸ್ ಇವು.

ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಡಿಸ್ಕ್ ಸದಾ ಶೇ 100 ತೋರಿಸುತ್ತಿದ್ದರೆ ತಪ್ಪು ವಿಂಡೋಸ್‌ನದಲ್ಲ, ತಿರುಗುವ ಹಾರ್ಡ್‌ಡಿಸ್ಕಿನದಿರಬಹುದು. ಅದರ ಜಾಗಕ್ಕೆ ತಿರುಗುವ ಭಾಗವಿಲ್ಲದ, ವೇಗದ ಎಸ್‌ಎಸ್‌ಡಿ ಹಾಕಿದರೆ ಆಗುವ ವ್ಯತ್ಯಾಸದ ಮುಂದೆ ಈ ಕತ್ತರಿ ಕೆಲಸ ಏನೇನೂ ಅಲ್ಲ. ರ‍್ಯಾಮ್ ಮಾತ್ರ ತುಂಬಿ ತುಳುಕುತ್ತಿದ್ದರೆ ಮುಂದೆ ಓದಿ.

ಪ್ರೊಸೆಸರ್ ಯಾವುದೆಂದೂ ನೋಡಿಕೊಳ್ಳಿ. ವಿಂಡೋಸ್ 11ರ 24ಎಚ್2 ಆವೃತ್ತಿಗೆ ಪಾಪ್‌ಕೌಂಟ್ ಎಂಬ ಸೂಚನೆ (ಪ್ರೊಸೆಸರ್ ಪಾಲಿಸಬಲ್ಲ ಒಂದು ಆಜ್ಞೆ) ಪ್ರೊಸೆಸರ್‌ನಲ್ಲೇ ಇರಬೇಕು. ಇಂಟೆಲ್‌ನ ಹಳೇ ಪ್ರೊಸೆಸರ್ ಕೋರ್ 2 ಡ್ಯುಯೊದಲ್ಲಿ ಅದಿಲ್ಲ. ಎಷ್ಟು ಕತ್ತರಿಸಿದರೂ ಆ ಆವೃತ್ತಿ ಅಲ್ಲಿ ಬೂಟ್ ಆಗದು.

ಇನ್ನು ಐಎಸ್‌ಒ, ಅಂದರೆ ವಿಂಡೋಸ್ ಹಾಕಲು ಬೇಕಾದ್ದನ್ನೆಲ್ಲ ಒಳಗೊಂಡ ಕಡತ. ಯಾರೋ ತಯಾರಿಸಿಟ್ಟದ್ದನ್ನು ಇಳಿಸಿಕೊಳ್ಳಲೇಬೇಡಿ. 2023ರಲ್ಲಿ ಆಂಟಿವೈರಸ್ ತಯಾರಿಸುವ ಡಾಕ್ಟರ್ ವೆಬ್ ಸಂಸ್ಥೆ, ಟೊರೆಂಟ್‌ನಲ್ಲಿ ಹರಿದಾಡುತ್ತಿದ್ದ ಕೆಲವು ವಿಂಡೋಸ್ 10 ಐಎಸ್‌ಒಗಳಲ್ಲಿ ಕ್ರಿಪ್ಟೊ ಹಣ ಕದಿಯುವ ಟ್ರೋಜನ್ (ವೇಷ ಮರೆಸಿಕೊಂಡ ದುಷ್ಟ ತಂತ್ರಾಂಶ) ಪತ್ತೆಹಚ್ಚಿತು. ಅದು ಅಡಗಿದ್ದು ಆಂಟಿವೈರಸ್‌ಗಳು ಸಾಮಾನ್ಯವಾಗಿ ಇಣುಕದ ಇಎಫ್‌ಐ ಪಾರ್ಟಿಷನ್ನಿನಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗಲು ಬೇಕಾದ ಕಡತಗಳಿರುವ ಡಿಸ್ಕಿನ ಭಾಗದಲ್ಲಿ. ವ್ಯವಸ್ಥೆಯೇ ಕಳ್ಳನ ಕೈಯಲ್ಲಿ ತಯಾರಾದರೆ ಮೇಲೆ ಎಂಥ ಆಂಟಿವೈರಸ್ ಹಾಕಿ ಏನು ಪ್ರಯೋಜನ? ಹ್ಯಾಶ್ (ಕಡತದಿಂದ ಲೆಕ್ಕಹಾಕಿದ ಗುರುತು ಸಂಖ್ಯೆ) ಹೊಂದಿತೆಂದು ನೆಮ್ಮದಿಪಡಬೇಡಿ: ಕಡತ ದಾರಿಯಲ್ಲಿ ಬದಲಾಗಿಲ್ಲ ಎಂದಷ್ಟೇ ಅದು ಹೇಳುತ್ತದೆ, ಮಾಡಿದವನು ಪ್ರಾಮಾಣಿಕ ಎಂದಲ್ಲ.

ನೀವೇ ತಯಾರಿಸಿಕೊಳ್ಳುವುದು ಕಷ್ಟವೇನಲ್ಲ. ಅಸಲಿ ಐಎಸ್‌ಒವನ್ನು ಮೈಕ್ರೋಸಾಫ್ಟ್ ತಾಣದಿಂದಲೇ ಇಳಿಸಿ, ಡಬಲ್ ಕ್ಲಿಕ್ ಮಾಡಿ ಮೌಂಟ್ ಮಾಡಿ; ಅದು ಒಂದು ಡ್ರೈವ್‌ನಂತೆ ಕಾಣಿಸುತ್ತದೆ. ಟೈನಿ11 ಬಿಲ್ಡರ್ ಎಂಬ ಮುಕ್ತ ಸ್ಕ್ರಿಪ್ಟನ್ನು ವಿಂಡೋಸ್‌ನಲ್ಲೇ ಇರುವ, ಆಜ್ಞೆ ಬರೆದು ಕೆಲಸ ಮಾಡಿಸುವ ಪವರ್‌ಶೆಲ್‌ನಲ್ಲಿ ಅಡ್ಮಿನ್ ಆಗಿ ಓಡಿಸಿ, ಆ ಡ್ರೈವ್‌ನ ಅಕ್ಷರವನ್ನೂ ಬೇಕಾದ ವಿಂಡೋಸ್ ಆವೃತ್ತಿಯನ್ನೂ ಕೊಡಿ. ಸ್ವಲ್ಪ ಹೊತ್ತಿಗೆ ಹೊಸ ಐಎಸ್‌ಒ ಸಿದ್ಧ. ಸ್ಕ್ರಿಪ್ಟ್ ಏನೇನು ತೆಗೆಯುತ್ತದೆಂದು ಯಾರು ಬೇಕಾದರೂ ಓದಬಹುದು. ನನಗೆ ಇದರಲ್ಲಿ ಹಿಡಿಸುವುದೇ ಅದು. ಇದೇ ಸ್ಕ್ರಿಪ್ಟಿನ 'ಕೋರ್' ರೂಪವನ್ನು ಮಾತ್ರ ದೂರವಿಡಿ. ಅದರಲ್ಲಿ ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಇಲ್ಲ, ಅಪ್‌ಡೇಟ್ ಇಲ್ಲ, ಆಮೇಲೆ ಹೊಸ ಭಾಷೆ ಸೇರಿಸಲೂ ಆಗದು. ಪ್ರಯೋಗಕ್ಕೆ ಸರಿ, ದಿನಬಳಕೆಗಲ್ಲ.

ಹಾಕುವ ಮುನ್ನ ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲಿಸಿ. ಬಿಲ್ಡರ್ ವಿಂಡೋಸ್‌ನ ಬ್ರೌಸರ್ ಎಡ್ಜನ್ನೂ ಕಿತ್ತುಹಾಕುತ್ತದೆ, ಹಾಗಾಗಿ ಒಂದು ಬ್ರೌಸರ್‌ನ ಇನ್‌ಸ್ಟಾಲರ್ ಮತ್ತು ವೈಫೈ ಡ್ರೈವರ್ ಪೆನ್‌ಡ್ರೈವ್‌ನಲ್ಲಿರಲಿ. ಇಲ್ಲದಿದ್ದರೆ ಬ್ರೌಸರ್ ಇಳಿಸಲು ಬ್ರೌಸರ್ ಹುಡುಕುವ ಪಾಡು! ಲೈಸೆನ್ಸ್ ಕೂಡ ಎಂದಿನಂತೆ ಬೇಕೇ ಬೇಕು.

ಹಾಕಿದ ಮೇಲೆ ಮೊದಲು ತೆರೆಯಬೇಕಾದ್ದು ವಿಂಡೋಸ್ ಅಪ್‌ಡೇಟ್. ಭದ್ರತಾ ತೇಪೆಗಳು ಬಂದು ಕೂರುತ್ತಿವೆಯೇ, ಡಿಫೆಂಡರ್ ಎಚ್ಚರವಾಗಿದೆಯೇ ನೋಡಿ. ತೆಗೆದ ಕೆಲವು ಆ್ಯಪ್‌ಗಳು ಅಪ್‌ಡೇಟ್ ಜೊತೆ ಮರಳಿ ಬರಬಹುದು, ಅದು ದೊಡ್ಡ ವಿಷಯವಲ್ಲ. ತೇಪೆಗಳೇ ಬರುತ್ತಿಲ್ಲವಾದರೆ ಆ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಬೇಡ. ಆ ವಿಂಡೋಸ್ ಅಳಿಸಿ, ಅದರ ಬದಲಿಗೆ ಬಳಸಬಹುದಾದ ಉಚಿತ ವ್ಯವಸ್ಥೆ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. 2 ಜಿಬಿ ರ‍್ಯಾಮ್‌ನಲ್ಲೂ ಓಡುತ್ತದೆ, ಅಪ್‌ಡೇಟ್ ಅಧಿಕೃತವಾಗಿಯೇ ಬರುತ್ತದೆ, ಮೊದಲು ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ ಪರೀಕ್ಷಿಸಲೂಬಹುದು.