ಕಾರ್ಗೋ ವ್ಯಾನನ್ನು ಓಡಾಡುವ ವರ್ಕ್‌ಶಾಪ್ ಮಾಡಿಕೊಂಡ ಬಗೆ

ತೀರ್ಥಹಳ್ಳಿ ಸುತ್ತಮುತ್ತಲಿನ ಅಡಿಕೆ ತೋಟಗಳಿಗೆ ಹೋಗಿ ಔಷಧಿ ಹೊಡೆಯುವ ಪಂಪು, ಕಳೆ ಕೊಚ್ಚುವ ಮಷೀನು, ಅಡಿಕೆ ಸುಲಿಯುವ ಯಂತ್ರ ರಿಪೇರಿ ಮಾಡುವುದು ನನ್ನ ಕೆಲಸ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆಯಲೇಬೇಕು. ಮಳೆ ಎರಡು ಗಂಟೆ ಹೊಳವಾಗಿರುತ್ತದೆ, ಮರ ಹತ್ತುವ ಕೊನೆಗಾರ ಬುಡದಲ್ಲಿ ನಿಂತಿರುತ್ತಾನೆ, ಅಷ್ಟು ಹೊತ್ತಿಗೆ ಪಂಪು ಕೈಕೊಡುತ್ತದೆ. ಅದನ್ನು ಹೊತ್ತುಕೊಂಡು ಪೇಟೆಗೆ ಹೋಗಿ ಬರುವಷ್ಟರಲ್ಲಿ ಮತ್ತೆ ಮಳೆ. ಅದಕ್ಕೇ ಒಂದು ಹಳೇ ಕಾರ್ಗೋ ವ್ಯಾನ್ ಕೊಂಡು, ಒಳಗೇ ವರ್ಕ್‌ಶಾಪ್ ಕಟ್ಟಿಸಿದೆ.

ಮೊದಲ ಸಲ ಕಟ್ಟಿಸಿದ್ದು ತಪ್ಪಾಯಿತು. ವೆಲ್ಡಿಂಗ್ ಅಂಗಡಿಯೊಂದರಲ್ಲಿ ಆಂಗಲ್‌ನಿಂದ ದೊಡ್ಡ ರ್‍ಯಾಕ್ ಮಾಡಿ, ನೆಲದ ತಗಡಿಗೆ ಸೆಲ್ಫ್ ಸ್ಕ್ರೂ ಹೊಡೆದು ಕೊಟ್ಟರು. ಕೈಯಲ್ಲಿ ಅಲುಗಾಡಿಸಿದರೆ ಕಲ್ಲಿನ ಹಾಗಿತ್ತು. ಮೂರು ವಾರದ ನಂತರ ಹುಲಿಕಲ್ ಘಾಟಿ ಇಳಿಯುವಾಗ ತಿರುವಿನಲ್ಲಿ ಎದುರಿಗೆ ಬಸ್ಸು ಬಂತು, ಜೋರಾಗಿ ಬ್ರೇಕ್ ಹಾಕಿದೆ. ಹಿಂದಿನಿಂದ ಕಟಕಟ ಅಂತ ಸದ್ದು. ಸ್ಕ್ರೂಗಳು ಒಂದರ ಹಿಂದೆ ಒಂದು ಕಿತ್ತು ಬಂದು, ರ್‍ಯಾಕ್ ಮುಂದೆ ಜಾರಿ ನನ್ನ ಸೀಟಿನ ಬೆನ್ನಿಗೆ ಬಂದು ನಿಂತಿತು. ಆಗ ನನ್ನ ವೇಗ ಇಪ್ಪತ್ತೈದು ದಾಟಿರಲಿಲ್ಲ.

ವ್ಯಾನ್ ನೆಲದ ತಗಡು ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಸ್ಕ್ರೂವಿನ ಒಂದೆರಡು ಎಳೆ ಮಾತ್ರ ಅದರಲ್ಲಿ ಹಿಡಿಯುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಗಾಡಿ ಏನಕ್ಕಾದರೂ ಗುದ್ದಿ ಅರ್ಧ ಮೀಟರ್ ಒಳಗೆ ನಿಂತರೆ, ಒಳಗಿರುವ ಪ್ರತಿ ವಸ್ತುವೂ ತನ್ನ ತೂಕದ ಸುಮಾರು 20 ಪಟ್ಟು ಬಲದಿಂದ ಮುಂದೆ ನುಗ್ಗುತ್ತದೆ. 20 ಕೆ.ಜಿ. ಟೂಲ್ ಬಾಕ್ಸ್ ಅಂದರೆ 400 ಕೆ.ಜಿ. ಹಾಗೆ. ಈ ಲೆಕ್ಕ ಹಾಕಿದ ಮೇಲೆ ಆ ರ್‍ಯಾಕನ್ನು ಬಿಚ್ಚಿ ಗುಜರಿಗೆ ಕೊಟ್ಟೆ.

ಎರಡನೇ ಸಲ ನಾನೇ ಕೂತು ಮಾಡಿದೆ. ಮೊದಲು ಮಾಡಿದ್ದು ತೂಕದ ಲೆಕ್ಕ. ಆರ್‌ಸಿಯಲ್ಲಿ ಗಾಡಿಯ ಖಾಲಿ ತೂಕ, ಹೊರೆ ಸೇರಿಸಿ ಇರಬಹುದಾದ ಒಟ್ಟು ತೂಕ ಎರಡೂ ಇರುತ್ತದೆ. ನನ್ನದರಲ್ಲಿ ಎರಡಕ್ಕೂ 600 ಕೆ.ಜಿ. ಅಂತರ. ಇದರಲ್ಲಿ ನಾನು, ಜೊತೆಯ ಹುಡುಗ, ಡೀಸೆಲ್, ಸಾಮಾನು, ರ್‍ಯಾಕ್ ಎಲ್ಲಾ ಬರಬೇಕು. ಹಳೇ ರ್‍ಯಾಕ್ ಒಂದೇ 135 ಕೆ.ಜಿ. ಇತ್ತು! 40 ಎಂ.ಎಂ. ಆಂಗಲ್ ಮೀಟರಿಗೆ ಮೂರು ಕೆ.ಜಿ. ತೂಗುತ್ತದೆ. ಅದರ ಬದಲು ಒಂದಿಂಚಿನ 16 ಗೇಜ್ ಚೌಕ ಪೈಪ್ ಹಾಕಿದೆ, ಮೀಟರಿಗೆ ಒಂದೂಕಾಲು ಕೆ.ಜಿ. ಒಳಗೇ ಬಂತು. ಹಲಗೆಗೆ 12 ಎಂ.ಎಂ. ಮರೈನ್ ಪ್ಲೈ. ಸಾಮಾನ್ಯ ಪ್ಲೈ ನಮ್ಮ ಮಳೆಗೆ ಬೂಷ್ಟು ಹಿಡಿದು ಒಂದೇ ವರ್ಷದಲ್ಲಿ ಪದರ ಬಿಡುತ್ತದೆ.

ಬೋಲ್ಟ್ ಹಾಕುವ ಮೊದಲು ಗಾಡಿಯನ್ನು ರ್‍ಯಾಂಪ್ ಮೇಲೆ ಹತ್ತಿಸಿ ಕೆಳಗೆ ಮಲಗಿ ನೋಡಿದೆ. ಬ್ರೇಕ್ ಪೈಪು, ಡೀಸೆಲ್ ಪೈಪು, ವೈರಿಂಗ್, ಟ್ಯಾಂಕು ಎಲ್ಲೆಲ್ಲಿ ಹಾದು ಹೋಗಿವೆ ಅಂತ ಚಾಕ್‌ಪೀಸಿನಿಂದ ನೆಲದ ಮೇಲ್ಭಾಗದಲ್ಲೂ ಗೆರೆ ಎಳೆದೆ. ಈ ಅರ್ಧ ದಿನ ದಯವಿಟ್ಟು ಉಳಿಸಬೇಡಿ. ಡ್ರಿಲ್ ಬಿಟ್ ತಗಡು ದಾಟಿದ ಮೇಲೆ ಎಲ್ಲಿಗೆ ಹೋಗುತ್ತದೆ ಅಂತ ಮೇಲಿಂದ ಕಾಣುವುದಿಲ್ಲ.

ಎಂಟು ಜಾಗದಲ್ಲಿ ತೂತು ಕೊರೆದೆ, ಎಲ್ಲವೂ ನೆಲದ ತಗಡಿನ ಕೆಳಗಿರುವ ಅಡ್ಡಪಟ್ಟಿಯ ಹತ್ತಿರ. 10 ಎಂ.ಎಂ. ಬೋಲ್ಟು, 8.8 ಗ್ರೇಡ್. ಕೆಳಗಡೆ ಪ್ರತಿಯೊಂದಕ್ಕೂ ಮೂರಿಂಚು ಚೌಕದ, ಐದು ಎಂ.ಎಂ. ದಪ್ಪದ ಪ್ಲೇಟು. ಬಲ ಬಿದ್ದಾಗ ಬೋಲ್ಟು ತಗಡನ್ನು ಹರಿದುಕೊಂಡು ಬರದ ಹಾಗೆ ತಡೆಯುವುದು ಈ ಪ್ಲೇಟೇ. ತೂತು ಕೊರೆದಾಗ ಬೀಳುವ ಕಬ್ಬಿಣದ ಚೂರು ಬಹಳ ಕೆಟ್ಟದ್ದು. ನೆಲದ ಮಡಿಕೆಯಲ್ಲಿ ಕೂತು, ಮಳೆಗಾಲದ ತೇವಕ್ಕೆ ಅಲ್ಲೇ ತುಕ್ಕು ಹಿಡಿದು, ಅದರ ಕೆಳಗಿನ ಒಳ್ಳೆ ತಗಡನ್ನೂ ತಿನ್ನುತ್ತದೆ. ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ, ಮೂಲೆ ಮೂಲೆಯಲ್ಲಿ ಆಡಿಸಿ ಅಷ್ಟನ್ನೂ ಎತ್ತಿದೆ. ಆಮೇಲೆ ತೂತಿನ ಅಂಚಿಗೆ ಜಿಂಕ್ ಪ್ರೈಮರ್, ಪ್ಲೇಟಿನ ಸುತ್ತ ಸೀಲಂಟ್.

ಸೀಟಿನ ಹಿಂದೆ ಪೂರ್ತಿ ಅಡ್ಡಗೋಡೆ ಬಂತು. ಕೆಳಗರ್ಧ ಶೀಟು, ಮೇಲರ್ಧ ಬಲವಾದ ಜಾಲರಿ. ವೈಸು, ಕಂಪ್ರೆಸರ್, ಬ್ಯಾಟರಿ ಇವು ನೆಲದ ಮೇಲೆ, ಎರಡೂ ಆಕ್ಸಲ್‌ಗಳ ನಡುವೆ. ಭಾರ ಮೇಲಿದ್ದರೆ ತಿರುವಿನಲ್ಲಿ ಗಾಡಿ ಹೇಗೆ ಓಲಾಡುತ್ತದೆ ಅಂತ ಘಾಟಿಯಲ್ಲಿ ಓಡಿಸಿದವರಿಗೆ ಹೇಳಬೇಕಿಲ್ಲ ಅಲ್ವಾ? ಮೇಲಿನ ಹಲಗೆಯಲ್ಲಿ ವಾಷರು, ಓರಿಂಗು, ಗ್ಯಾಸ್ಕೆಟ್ಟು ಮಾತ್ರ.

ಕರೆಂಟಿನ ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. 1000 ವಾಟ್ ಗ್ರೈಂಡರ್ ಮನೆಯ 230 ವೋಲ್ಟಿನಲ್ಲಿ ನಾಲ್ಕೈದು ಆಂಪಿಯರ್ ಎಳೆಯುತ್ತದೆ. ಅದನ್ನೇ ಇನ್ವರ್ಟರ್ ಮೂಲಕ 12 ವೋಲ್ಟ್ ಬ್ಯಾಟರಿಯಿಂದ ಓಡಿಸಿದರೆ ಬ್ಯಾಟರಿ ಕಡೆಯ ವೈರಿನಲ್ಲಿ 90ಕ್ಕೂ ಮೇಲೆ. ಮನೆ ವೈರಿಂಗಿನ ವೈರು ಅಲ್ಲಿ ಹಾಕಿದರೆ ಕಾದು ಕರಗುತ್ತದೆ. ನಾನು 35 ಚದರ ಎಂ.ಎಂ. ತಾಮ್ರದ ಕೇಬಲ್ ಹಾಕಿ, ಉದ್ದವನ್ನು ಒಂದು ಮೀಟರ್ ಒಳಗಿಟ್ಟೆ. ಫ್ಯೂಸು ಬ್ಯಾಟರಿ ಪ್ಲಸ್ಸಿನಿಂದ ಒಂದು ಗೇಣಿನೊಳಗೆ. ಫ್ಯೂಸು ದೂರ ಇದ್ದರೆ ಅಲ್ಲಿಯವರೆಗಿನ ಕೇಬಲ್ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದಾಗ ಕಾಪಾಡುವವರು ಯಾರೂ ಇಲ್ಲ. ತಗಡು ದಾಟುವ ಕಡೆಯೆಲ್ಲಾ ರಬ್ಬರ್ ಬುಶ್.

ಇಷ್ಟೆಲ್ಲಾ ಮಾಡಿಯೂ ಒಂದು ಬಿಟ್ಟುಹೋಗಿತ್ತು. ಕೋಣಂದೂರು ಕಡೆಯಿಂದ ಗಿರಾಕಿಯೊಬ್ಬರ ಪಂಪು ಹಾಕಿಕೊಂಡು ಬರುತ್ತಿದ್ದೆವು. ಮಳೆ ಅಂತ ಕಿಟಕಿ ಮುಚ್ಚಿತ್ತು. "ಅಣ್ಣಾ, ಪೆಟ್ರೋಲ್ ವಾಸನೆ ಬರ್ತಿದೆ" ಅಂದ ಹುಡುಗ. ನಿಲ್ಲಿಸಿ ನೋಡಿದರೆ ಪಂಪಿನ ಟ್ಯಾಂಕಿನ ಮುಚ್ಚಳ ಸಡಿಲ, ನೆಲದ ಮೇಲೆ ಅಂಗೈಯಗಲ ಒದ್ದೆ. ಇನ್ವರ್ಟರ್ ಆನ್ ಇತ್ತು, ಫ್ಯಾನ್ ತಿರುಗುತ್ತಿತ್ತು. ಕೈಕಾಲು ತಣ್ಣಗಾಯಿತು. ಕಿಡಿ ಹಾರೀತು ಅಂತ ಇನ್ವರ್ಟರಿನ ಸ್ವಿಚ್ ಮುಟ್ಟಲು ಧೈರ್ಯ ಆಗಲಿಲ್ಲ. ಬಾಗಿಲೆಲ್ಲಾ ತೆರೆದು, ಹುಡುಗನನ್ನು ದೂರ ಕರೆದುಕೊಂಡು ಹೋಗಿ, ಮಳೆಯಲ್ಲೇ ಅರ್ಧ ಗಂಟೆ ನಿಂತೆವು.

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ನೆಲದ ಮಟ್ಟದಲ್ಲೇ ಹರಡುತ್ತದೆ, ಮೇಲಿನ ಕಿಟಕಿ ತೆರೆದರೆ ಪೂರ್ತಿ ಹೋಗುವುದಿಲ್ಲ. ಈಗ ಹಿಂಬಾಗಿಲ ಬುಡದಲ್ಲಿ ಜಾಲರಿ ಹಾಕಿದ ಎರಡು ಗಾಳಿಕಿಂಡಿ ಇವೆ. ಯಾರದೇ ಮಷೀನಿರಲಿ, ಟ್ಯಾಂಕ್ ಖಾಲಿ ಮಾಡಿದ ಮೇಲೆಯೇ ಒಳಗೆ ಬರುತ್ತದೆ. ಇನ್ವರ್ಟರ್ ಅನ್ನು ಸೊಂಟದ ಎತ್ತರಕ್ಕೆ ಏರಿಸಿದೆ, ಗಾಡಿ ಓಡುವಾಗ ಅದು ಆಫ್. ಪೌಡರ್ ಬೆಂಕಿ ನಂದಕವನ್ನು ಒಳಗಿನ ಮೂಲೆಯಲ್ಲಿಟ್ಟರೆ ಬೇಕಾದಾಗ ಬೆಂಕಿ ದಾಟಿ ಹೋಗಬೇಕಾಗುತ್ತದೆ, ಅದಕ್ಕೆ ಬಾಗಿಲ ಪಕ್ಕದಲ್ಲೇ ಇದೆ.

ಕಾಗದದ ಕೆಲಸವನ್ನು ಕಬ್ಬಿಣ ಕತ್ತರಿಸುವ ಮೊದಲೇ ಮಾಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ನಾನು ಒಂದು ಹಾಳೆಯಲ್ಲಿ ನಕ್ಷೆ ಬರೆದುಕೊಂಡು ಶಿವಮೊಗ್ಗದ ಆರ್‌ಟಿಒಗೆ ಹೋಗಿ ಮೊದಲೇ ಕೇಳಿದೆ. ಚಾಸಿ, ಎಂಜಿನ್, ಸೀಟು, ಹೊರಗಿನ ಬಾಡಿಯ ಆಕಾರ ಯಾವುದನ್ನೂ ಮುಟ್ಟಿಲ್ಲ, ಒಳಗಿನದೆಲ್ಲಾ ಬೋಲ್ಟ್ ಬಿಚ್ಚಿದರೆ ಹೊರಬರುತ್ತದೆ. ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿದೆ. ನನ್ನ ಗಾಡಿಯ ಪಾಲಿಸಿ ಒಳಗಿನ ಟೂಲ್ಸಿಗೆ ಬರುವುದಿಲ್ಲ ಅಂತ ಗೊತ್ತಾಗಿದ್ದು ಆಗಲೇ. ಸಾಲದ ಗಾಡಿಯಾದರೆ ಸಾಲ ಕೊಟ್ಟವರನ್ನೂ ಕೇಳಬೇಕು. ಕೆಲವರು ಬಂದು ಹಿಂದೆ ಎರಡು ಸೀಟ್ ಹಾಕಿಕೊಡಿ, ಮಲಗೋ ವ್ಯಾನ್ ಮಾಡಿಕೊಡಿ ಅನ್ನುತ್ತಾರೆ. ಮಾಡುವುದಿಲ್ಲ. ಸರಕಿನ ವ್ಯಾನಿನಲ್ಲಿ ಜನ ಕೂರುವಂತಿಲ್ಲ, ಮಲಗುವ ವ್ಯಾನಿಗೆ ಎಐಎಸ್-124 ಅಂತ ಬೇರೆಯೇ ಮಾನದಂಡ ಇದೆ.

ಎಲ್ಲಾ ಮುಗಿದ ಮೇಲೆ ಟ್ಯಾಂಕ್ ತುಂಬಿಸಿ, ಸಾಮಾನು ಹೇರಿ, ಇಬ್ಬರೂ ಕೂತು ವೇ ಬ್ರಿಡ್ಜ್‌ಗೆ ಹೋದೆವು. ಮುಂದಿನ ಚಕ್ರ ಬೇರೆ, ಹಿಂದಿನದು ಬೇರೆ, ಆಮೇಲೆ ಒಟ್ಟು ಅಂತ ಮೂರು ಚೀಟಿ. ಒಟ್ಟು ತೂಕದ ಮಿತಿಗಿಂತ 110 ಕೆ.ಜಿ. ಕಡಿಮೆ ಬಂತು. ಆ 110 ನನ್ನ ಗಿರಾಕಿಗಳ ಮಷೀನಿಗೆ.

ಎಂಟು ನಟ್ಟಿನ ಮೇಲೂ ಹಳದಿ ಪೇಂಟಿನಿಂದ ನಟ್ಟು, ಪ್ಲೇಟು ಎರಡನ್ನೂ ದಾಟುವ ಗೆರೆ ಎಳೆದಿದ್ದೇನೆ. ಪ್ರತಿ ಮೇ ತಿಂಗಳು, ಮಳೆಗೆ ಮುಂಚೆ, ಟಾರ್ಚ್ ಹಿಡಿದು ಕೆಳಗೆ ಮಲಗುತ್ತೇನೆ. ಈ ಸಲ ಎಡಗಡೆ ಹಿಂದಿನ ಗೆರೆ ಕೂದಲೆಳೆಯಷ್ಟು ಸರಿದಿತ್ತು. ನಟ್ಟು ಬದಲಿಸಿ, ಬಿಗಿ ಮಾಡಿ, ಹೊಸ ಗೆರೆ ಎಳೆದೆ.