ಕತ್ತಿನ ಗಂಟೆಲ್ಲ ಟಿಬಿ ಅಲ್ಲ: ಕಿಕುಚಿ ಕಾಯಿಲೆಯೊಂದಿಗೆ ನನ್ನ ಅನುಭವ

ನಾನು ಇಎನ್‌ಟಿ ವೈದ್ಯ. ನಮ್ಮ ಕಡೆ ಕತ್ತಿನಲ್ಲಿ ಗಂಟು, ಜೊತೆಗೆ ಜ್ವರ ಅಂದ ಕೂಡಲೇ ಎಲ್ಲರೂ ಹೇಳುವುದು ಟಿಬಿ ಅಂತಲೇ. ಬಹಳ ಸಲ ಅದು ನಿಜವೂ ಹೌದು. ಆದರೆ ನನ್ನ ಬಳಿ ಬಂದ ಒಬ್ಬ ಯುವತಿಯ ಗಂಟುಗಳು ನನಗೆ ಹಾಗೆ ಅನಿಸಲಿಲ್ಲ. ಕತ್ತಿನ ಒಂದೇ ಪಕ್ಕ, ಹಿಂಭಾಗದಲ್ಲಿದ್ದವು. ಮುಟ್ಟಿದರೆ ನೋವು. ಟಿಬಿ ಗಂಟು ಸಾಮಾನ್ಯವಾಗಿ ಅಷ್ಟು ನೋಯುವುದಿಲ್ಲ, ಒಂದಕ್ಕೊಂದು ಅಂಟಿಕೊಳ್ಳುವುದೂ ಉಂಟು. ಇವು ಬಿಡಿಬಿಡಿಯಾಗಿದ್ದವು. ಆಂಟಿಬಯೋಟಿಕ್ ಮುಗಿದರೂ ಜ್ವರ ಬಿಟ್ಟಿರಲಿಲ್ಲ. ಬಿಳಿ ರಕ್ತಕಣ ಕಡಿಮೆ, ಇಎಸ್‌ಆರ್ (ಮೈಯಲ್ಲಿ ಉರಿಯೂತ ಇದೆಯೇ ಎಂದು ಹೇಳುವ ರಕ್ತಪರೀಕ್ಷೆ) ಜಾಸ್ತಿ, ಎದೆಯ ಎಕ್ಸ್‌ರೇ ಸರಿಯಾಗಿತ್ತು.

ಕಿಕುಚಿ ಇರಬಹುದಾ ಅಂತ ಅನುಮಾನ ಬಂತು. 1972ರಲ್ಲಿ ಜಪಾನಿನ ಕಿಕುಚಿ ಮತ್ತು ಫುಜಿಮೊಟೊ ಬೇರೆ ಬೇರೆಯಾಗಿ ಗುರುತಿಸಿದ, ದುಗ್ಧಗ್ರಂಥಿಗಳು ಊದಿಕೊಳ್ಳುವ ಕಾಯಿಲೆ ಇದು. ಏಷ್ಯಾದ ಯುವತಿಯರಲ್ಲಿ ಹೆಚ್ಚು.

ಆ ಯುವತಿ ತಂದಿದ್ದ ಸೂಜಿ ಪರೀಕ್ಷೆಯ ವರದಿಯಲ್ಲಿ ‘ಸತ್ತ ಜೀವಕೋಶಗಳಿವೆ, ಟಿಬಿ ಇರಬಹುದು’ ಎಂದಿತ್ತು. ಸುಮ್ನೆ ಟಿಬಿ ಮಾತ್ರೆ ಶುರು ಮಾಡಿಬಿಡಿ ಎಂದು ಮನೆಯವರ ಒತ್ತಾಯ. ನಾನು ಒಪ್ಪಲಿಲ್ಲ. ಕಿಕುಚಿ ಗಂಟು ಸಾಮಾನ್ಯವಾಗಿ 1ರಿಂದ 4 ತಿಂಗಳಲ್ಲಿ ತಾನಾಗಿಯೇ ಕರಗುತ್ತದೆ. ಅಷ್ಟರಲ್ಲಿ ಟಿಬಿ ಮಾತ್ರೆ ನುಂಗುತ್ತಿದ್ದರೆ ಹೆಸರೆಲ್ಲ ಮಾತ್ರೆಗೇ. ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಅಂದ ಅಜ್ಜಿಯ ಹಾಗೆ. ಬೇಡದ ಮಾತ್ರೆ 6 ತಿಂಗಳು ನಡೆಯುತ್ತದೆ, ಲಿವರ್‌ಗೆ ಪೆಟ್ಟು ಬೀಳಬಹುದು, ತಪ್ಪು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ.

ಸ್ಟಿರಾಯ್ಡನ್ನೂ ತಡೆದೆ. ಲಿಂಫೋಮಾ ಕ್ಯಾನ್ಸರ್ ಇದ್ದರೆ ಸ್ಟಿರಾಯ್ಡ್‌ಗೆ ಗಂಟು ಕುಗ್ಗಿ, ಬಯಾಪ್ಸಿಯಲ್ಲಿ ಸುಳಿವು ಸಿಗದೇ ಹೋಗಬಹುದು.

ಒಂದು ಗಂಟನ್ನು ಇಡಿಯಾಗಿ ತೆಗೆದೆ. ಸಣ್ಣ ಆಪರೇಷನ್ ನಿಜ, ಆದರೆ ಭುಜ ಎತ್ತಲು ಬೇಕಾದ ನರ ಅಲ್ಲಿ ಚರ್ಮಕ್ಕೆ ಹತ್ತಿರದಲ್ಲೇ ಹಾದುಹೋಗುತ್ತದೆ. ಅವಸರ ಮಾಡಬಾರದ ಜಾಗ. ಅರ್ಧ ತುಂಡು ಫಾರ್ಮಲಿನ್‌ಗೆ, ಅರ್ಧ ಸಲೈನ್‌ಗೆ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದರೆ ರೋಗಾಣು ಸತ್ತು, ಟಿಬಿ ಕಲ್ಚರ್ (ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಮಾಡುವ ದಾರಿಯೇ ಮುಚ್ಚಿಹೋಗುತ್ತದೆ. ನಾಲ್ಕು ಸಾಲಿನ ಚೀಟಿಯಲ್ಲಿ ಎಲ್ಲ ಹಿಡಿಸುವುದಿಲ್ಲ ಅಲ್ವಾ, ಅದಕ್ಕೆ ಪೆಥಾಲಜಿಯವರಿಗೆ ಫೋನ್ ಮಾಡಿ ಅನುಮಾನವನ್ನೂ ಹೇಳಿದೆ.

ಅವರು ಸ್ಲೈಡ್ ತೋರಿಸಿದರು. ಒಡೆದ ನ್ಯೂಕ್ಲಿಯಸ್‌ಗಳ ಪುಡಿ, ಸುತ್ತ ಬಾಗಿದ ನ್ಯೂಕ್ಲಿಯಸ್‌ನ ಹಿಸ್ಟಿಯೋಸೈಟ್‌ಗಳು, ಅಂದರೆ ಸತ್ತ ಕೋಶಗಳನ್ನು ನುಂಗುವ ಕಣಗಳು. ಇಷ್ಟು ಜೀವಕೋಶ ಸತ್ತಿದ್ದರೂ ನ್ಯೂಟ್ರೋಫಿಲ್ (ಕೀವಿನಲ್ಲಿ ಸಿಗುವ ಬಿಳಿ ರಕ್ತಕಣ) ಇಲ್ಲ. ಕಿಕುಚಿಯ ಗುರುತೇ ಅದು. ಟಿಬಿಯಲ್ಲಿ ಕಾಣುವ ಜೀವಕೋಶಗಳ ಗುಂಪು, ಗ್ರಾನ್ಯುಲೋಮಾ, ಕಾಣಲಿಲ್ಲ. ಜೀವಕೋಶದ ಬಗೆ ಗುರುತಿಸಲು ಹಾಕುವ ಸಿಡಿ68, ಮೈಲೋಪೆರಾಕ್ಸಿಡೇಸ್ ಬಣ್ಣಗಳೂ ಕಿಕುಚಿ ಕಡೆಗೇ ಬೆರಳು ತೋರಿಸಿದವು. ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಯೂ ನೆಗೆಟಿವ್.

ಚಿಕಿತ್ಸೆ ಹೇಳುವಷ್ಟು ದೊಡ್ಡದೇನಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್, ನೋವಿಗೆ ಊಟದ ನಂತರ ನ್ಯಾಪ್ರಾಕ್ಸೆನ್. ಜ್ವರ ಎಳೆದರೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಕೊಡೋಣ ಎಂದುಕೊಂಡಿದ್ದೆ, ಬೇಕಾಗಲಿಲ್ಲ. ಕಲ್ಚರ್‌ನ ಕೊನೆಯ ವರದಿಗೆ 6 ವಾರ ಹಿಡಿಯುತ್ತದೆ. ಅದು ನೆಗೆಟಿವ್ ಎಂದು ಬರುವ ಹೊತ್ತಿಗೆ ಜ್ವರ ಬಿಟ್ಟಿತ್ತು, ಉಳಿದ ಗಂಟುಗಳೂ ಕರಗುತ್ತಿದ್ದವು.

ಕಷ್ಟ ಶುರುವಾಗಿದ್ದು ಆಮೇಲೆ. ಗುಣವಾದವರನ್ನು ಮತ್ತೆ ಆಸ್ಪತ್ರೆಗೆ ಬರುವಂತೆ ಒಪ್ಪಿಸುವುದು ಹೇಗೆ? ಕಿಕುಚಿ ಬಂದ ಕೆಲವರಲ್ಲಿ ಮುಂದೆ ಲೂಪಸ್ (ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ) ಕಾಣಿಸಿಕೊಳ್ಳುತ್ತದೆ. ಲೂಪಸ್‌ನ ಸುಳಿವು ಹುಡುಕುವ ರಕ್ತಪರೀಕ್ಷೆ ಎಎನ್‌ಎ ಈಕೆಗೆ ಸದ್ಯ ನೆಗೆಟಿವ್. ಬಿಸಿಲಿಗೆ ಮುಖ ಕೆಂಪಾಗುವುದು, ಕೀಲುನೋವು, ಬಾಯಿಹುಣ್ಣು, ಕಾಲು ಊತ, ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಬರಲು ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಟ್ಟಿದ್ದೇನೆ. ಏನೂ ಇಲ್ಲದಿದ್ದರೂ ವರ್ಷಕ್ಕೊಮ್ಮೆ ರಕ್ತ, ಮೂತ್ರ ಪರೀಕ್ಷೆ ಮಾಡಿಸಬೇಕು.