ಪಕ್ಕದ ಟರ್ಮಿನಲ್‌ನ ಸ್ಟಾಕ್‌ಫಿಶ್ ಮತ್ತು ನನ್ನ ಪುಟ್ಟ ಎಂಜಿನ್

ಹವ್ಯಾಸಕ್ಕೆ ಅಂತ ನಾನೇ ಒಂದು ಚೆಸ್ ಎಂಜಿನ್, ಅಂದರೆ ಚೆಸ್ ಆಡುವ ಪ್ರೋಗ್ರಾಂ, ಬರೆಯುತ್ತಿದ್ದೇನೆ. ಕೋಡಿನಲ್ಲಿ ಏನಾದರೂ ಬದಲಿಸಿದಾಗೆಲ್ಲ ಹಳೆಯದಕ್ಕೂ ಹೊಸದಕ್ಕೂ ರಾತ್ರಿಯಿಡೀ ಪಂದ್ಯ ಕಟ್ಟುತ್ತೇನೆ. ಆಡಿಸುವುದು ಕ್ಯೂಟ್‌ಚೆಸ್, ಎಂಜಿನ್‌ಗಳ ನಡುವೆ ಪಂದ್ಯ ನಡೆಸುವ ಪ್ರೋಗ್ರಾಂ. ಒಬ್ಬೊಬ್ಬರಿಗೆ 10 ಸೆಕೆಂಡ್, ನಡೆಗೊಮ್ಮೆ 0.1 ಸೆಕೆಂಡ್ ಮೇಲೆ. ಲ್ಯಾಪ್‌ಟಾಪ್‌ನಲ್ಲಿ ಓಡುತ್ತಿರುವುದು ಲಿನಕ್ಸ್. ಸಿಪಿಯುನಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್. ಅಂದರೆ ಒಂದೊಂದು ಕೋರ್ ಎರಡೆರಡು ಕೆಲಸ ಒಟ್ಟಿಗೆ ನಡೆಸುತ್ತೆ.

ಒಂದು ಬೆಳಿಗ್ಗೆ ಎದ್ದು ನೋಡಿದರೆ ಫಲಿತಾಂಶವೇ ವಿಚಿತ್ರ. ಒಂದು ಆಟದಲ್ಲಿ ಹೊಸ ಎಂಜಿನ್‌ಗೆ ಎರಡು ಆನೆ ಜಾಸ್ತಿ ಇತ್ತು, ಇನ್ನೆರಡು ನಡೆಗೆ ಚೆಕ್‌ಮೇಟ್. ಆದರೂ ಸಮಯ ಮುಗಿದು ಸೋತಿತ್ತು. ಹಳೆಯದೂ ಹಾಗೇ ಹಲವು ಆಟ ಕಳೆದುಕೊಂಡಿತ್ತು.

ತಪ್ಪು ನನ್ನದೇ. ಇನ್ನೊಂದು ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿ) ಸ್ಟಾಕ್‌ಫಿಶ್ ಅನ್ನೋ ಹೆಸರಾಂತ ಚೆಸ್ ಎಂಜಿನ್‌ಗೆ ಎಂಟೂ ಥ್ರೆಡ್ ಕೊಟ್ಟು, ಒಂದು ಆಟ ವಿಶ್ಲೇಷಿಸಲು ಬಿಟ್ಟು ಮಲಗಿದ್ದೆ. ನನ್ನ ಎಂಜಿನ್ ಆಗಾಗ ಗಡಿಯಾರ ನೋಡಿಕೊಳ್ಳುತ್ತೆ, ನಿಜ. ಆದರೆ ಸಿಪಿಯು ಕೈಗೆ ಸಿಕ್ಕಾಗ ತಾನೇ ನೋಡುವುದು? ಅದು ಸರದಿಗೆ ಕಾಯುತ್ತಿದ್ದಾಗಲೂ ಗಡಿಯಾರ ಓಡುತ್ತಲೇ ಇರುತ್ತದೆ.

ಸರಿ, ಸ್ಟಾಕ್‌ಫಿಶ್‌ಗೆ ನೈಸ್ 19 ಹಾಕಿದೆ. ನೈಸ್ ಅಂದರೆ ಒಂದು ಪ್ರೋಗ್ರಾಂ ಬೇರೆಯವರಿಗೆ ಎಷ್ಟು ದಾರಿ ಬಿಡಬೇಕು ಅನ್ನುವ ಅಂಕಿ. ನೈಸ್ ಅಂಕಿ ಜಾಸ್ತಿಯಾದಷ್ಟೂ ಆ ಪ್ರೋಗ್ರಾಂಗೆ ಸಿಗುವ ಪಾಲು ಕಮ್ಮಿ. ಮಾಮೂಲಿ ಅಂಕಿ ಸೊನ್ನೆಗೆ ತೂಕ 1024, ಹತ್ತೊಂಬತ್ತಕ್ಕೆ ಬರೀ 15. ಈ ಲೆಕ್ಕದಲ್ಲಿ ಸ್ಟಾಕ್‌ಫಿಶ್‌ಗೆ ನೂರಕ್ಕೆ ಒಂದೆರಡು ಪಾಲು ಸಿಗಬೇಕು ಅಷ್ಟೇ. ಮಾರನೇ ದಿನವೂ ಅದೇ ಕಥೆ!

ಎರಡು ಸಂಜೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು. ಲಿನಕ್ಸ್‌ನಲ್ಲಿ ಆಟೋಗ್ರೂಪ್ ಅಂತ ಒಂದು ಏರ್ಪಾಡು ಇದೆ. ಒಂದೊಂದು ಟರ್ಮಿನಲ್ಲೂ ಒಂದೊಂದು ಗುಂಪು. ಸಿಪಿಯು ಮೊದಲು ಗುಂಪುಗಳ ನಡುವೆ ಹಂಚಿಕೆಯಾಗುತ್ತೆ, ಆಮೇಲೆ ಗುಂಪಿನ ಒಳಗೆ. ನೈಸ್ ಲೆಕ್ಕಕ್ಕೆ ಬರುವುದು ಗುಂಪಿನ ಒಳಗೆ ಮಾತ್ರ. ಸ್ಟಾಕ್‌ಫಿಶ್ ತನ್ನ ಟರ್ಮಿನಲ್‌ನಲ್ಲಿ ಒಂಟಿ. ತನ್ನ ಥ್ರೆಡ್‌ಗಳ ಜೊತೆಗೇ ವಿನಯ ತೋರಿಸಿಕೊಂಡು, ಗುಂಪಿನ ಪಾಲನ್ನು ಪೂರ್ತಿ ತಿನ್ನುತ್ತಿತ್ತು. ಎರಡನ್ನೂ ಒಂದೇ ಟರ್ಮಿನಲ್‌ನಿಂದ ಶುರು ಮಾಡಿದೆ. ಸಮಯ ಮೀರಿ ಸೋಲುವುದು ಹೆಚ್ಚುಕಮ್ಮಿ ನಿಂತಿತು.

ಆದರೆ ವೇಗ ಬರಲಿಲ್ಲ. ನನ್ನ ಎಂಜಿನ್‌ನಲ್ಲಿ ಬೆಂಚ್ ಅಂತ ಒಂದು ಆದೇಶ ಇಟ್ಟುಕೊಂಡಿದ್ದೇನೆ. ಪ್ರತಿ ಸಲವೂ ಅವೇ ಸ್ಥಿತಿಗಳನ್ನು ಅಷ್ಟೇ ಆಳಕ್ಕೆ ಹುಡುಕಿ ಸೆಕೆಂಡಿಗೆ ಎಷ್ಟು ನೋಡ್, ಅಂದರೆ ಎಷ್ಟು ಸ್ಥಿತಿ ನೋಡಿತು, ಅಂತ ಹೇಳುತ್ತೆ. ಒಂಟಿಯಾಗಿ ಓಡಿಸಿದರೆ 14 ಲಕ್ಷ. ಸ್ಟಾಕ್‌ಫಿಶ್ ಜೊತೆಗಿದ್ದರೆ, ನೈಸ್ 19 ಇದ್ದರೂ, 9 ಲಕ್ಷ. ನೈಸ್ ಸರದಿಯನ್ನು ತೀರ್ಮಾನಿಸುತ್ತೆ ಅಷ್ಟೇ. ಪಕ್ಕದ ಥ್ರೆಡ್‌ನಲ್ಲಿ ಕೂತವರು ಅದೇ ಕೋರ್‌ನ ಕ್ಯಾಶ್‌ಗೆ (ಪುಟ್ಟ ವೇಗದ ಮೆಮೊರಿ) ಕೈ ಹಾಕುವುದನ್ನು ಅದು ತಡೆಯುವುದಿಲ್ಲ.

ಹಾಗಾಗಿ ಯಾವ ಪ್ರೋಗ್ರಾಂ ಯಾವ ಥ್ರೆಡ್‌ನಲ್ಲಿ ಓಡಬೇಕು ಅಂತ ಹೇಳುವ ಟಾಸ್ಕ್‌ಸೆಟ್ ಹಿಡಿದೆ. ಪಂದ್ಯಕ್ಕೆ ಥ್ರೆಡ್ 0ರಿಂದ 3, ಸ್ಟಾಕ್‌ಫಿಶ್‌ಗೆ 4ರಿಂದ 7. ಅರ್ಧಕ್ಕರ್ಧ ಭಾಗ ಮಾಡಿದೆ ಅಂತ ಖುಷಿಪಟ್ಟೆ. ಬೆಂಚ್ ಮಾತ್ರ ಮತ್ತೆ 9 ಲಕ್ಷ. ಎಲ್‌ಎಸ್‌ಸಿಪಿಯು ಆದೇಶಕ್ಕೆ 'ಇ' ಸೇರಿಸಿ, ಯಾವ ಥ್ರೆಡ್ ಯಾವ ಕೋರ್‌ನದು ಅನ್ನುವ ಪಟ್ಟಿ ತೆಗೆದು ನೋಡಿದರೆ 0 ಮತ್ತು 4 ಒಂದೇ ಕೋರ್‌ನವು! 1ಕ್ಕೆ 5, 2ಕ್ಕೆ 6, 3ಕ್ಕೆ 7 ಜೋಡಿ. ಜಗಳ ಬಿಡಿಸಲು ಹೋಗಿ ಇಬ್ಬರನ್ನೂ ಒಂದೇ ಕೋಣೆಗೆ ಕೂಡಿ ಹಾಕಿದ್ದೆ.

ಈಗ ಸ್ಟಾಕ್‌ಫಿಶ್‌ಗೆ 0, 1, 4, 5. ಪಂದ್ಯಕ್ಕೆ 2 ಮತ್ತು 3 ಮಾತ್ರ. 6, 7 ಖಾಲಿ. ಒಮ್ಮೆಗೆ ಎರಡೇ ಆಟ, ಪಾಂಡರ್ ಆಫ್. ಅದು ಆನ್ ಇದ್ದರೆ ಎದುರಾಳಿಯ ಸರದಿಯಲ್ಲೂ ಎಂಜಿನ್ ಯೋಚಿಸುತ್ತೆ, ಎರಡು ಆಟಕ್ಕೆ ನಾಲ್ಕು ಕೋರ್ ಬೇಕಾಗುತ್ತೆ. ಬೆಂಚ್ 13 ಲಕ್ಷದ ಮೇಲೆ ನಿಂತಿದೆ. ಮಿಕ್ಕಿದ್ದು ಬಿಸಿಗೆ ಹೋಯಿತು ಅನ್ಸುತ್ತೆ, ಫ್ಯಾನ್ ಅಂತೂ ಮಿಕ್ಸಿ ಥರ ಕೂಗುತ್ತೆ.

ವಿಂಡೋಸ್ ಬಳಸುವ ಗೆಳೆಯನೊಬ್ಬ ಟಾಸ್ಕ್ ಮ್ಯಾನೇಜರ್‌ನಲ್ಲಿ ತನ್ನ ಎಂಜಿನ್‌ಗೆ ರಿಯಲ್‌ಟೈಮ್ ಪ್ರಾಶಸ್ತ್ಯ ಕೊಟ್ಟಿದ್ದ. ಮೌಸ್ ಕೂಡ ಅಲ್ಲಾಡಲಿಲ್ಲವಂತೆ. ಬೇಕಾದ್ದನ್ನು ಮೇಲೆತ್ತಬೇಡ ಮಾರಾಯ, ಬೇಡವಾದ್ದನ್ನು ಕೆಳಗಿಳಿಸು ಅಂದೆ.

ಅದೇ ಪಂದ್ಯವನ್ನು ಮತ್ತೆ ಆಡಿಸಿದೆ. ಸಮಯ ಮೀರಿದ ಸೋಲು ಒಂದೂ ಇರಲಿಲ್ಲ. ಹೊಸ ಎಂಜಿನ್ ಹಳೆಯದಕ್ಕಿಂತ ಕೆಟ್ಟದಾಗಿಯೇ ಆಡಿತ್ತು. ಆ ಕೋಡ್ ಅಳಿಸಿದೆ.